ಹಡಗಿಗೆ ಚಿನ್ನ ಹಚ್ಚಿದವಳು

ಪ್ರೀತಿಯ ಚಂದ್ರು,

ನಲವತ್ತು ವರ್ಷದ ಮೇಲೆ ಇವಳಿಗೇನಪ್ಪ ಬಂತು ಅಂದುಕೊಳ್ಳಬೇಡ. ನೀನು ಬಣ್ಣ ಹೊಡೆಯುತ್ತಿದ್ದ ನಂಜನಗೂಡಿನ ಬಸ್ ಶೆಡ್ಡಿನವರು ವಿಳಾಸದ ಜೊತೆ ಫೋನ್ ನಂಬರನ್ನೂ ಕೊಟ್ಟರು. ಮಾಡಲಿಲ್ಲ. "ಹೋಗ್ಲಿ ಬುಡು ಕುಸುಮ" ಅಂತ ನೀನು ಅಂದುಬಿಟ್ಟರೆ ನಾನು ಹೇಳಬೇಕಾದದ್ದು ಗಂಟಲಲ್ಲೇ ಉಳಿದುಹೋಗುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೋದ ವಾರ ಯಾದವಗಿರಿಯಿಂದ ಮಂಜುಶ್ರೀ ಅನ್ನುವ ಹುಡುಗಿ ಕುವೆಂಪುನಗರದ ನನ್ನ ಅಂಗಡಿಗೆ ಹಳೆಯ ಚಿತ್ರವೊಂದನ್ನು ರಿಪೇರಿಗೆ ತಂದಳು. ಮುಚ್ಚಿದ ಬಟ್ಟೆ ಸರಿಸಿದೆ. ಅಯ್ಯೋ, ನಮ್ಮ ಹಡಗು ಕಣೋ! ನದಿಯ ದಂಡೆಯಲ್ಲಿ ಹಡಗು ಕಟ್ಟುವ ಜಾಗ, ಪಕ್ಕೆಲುಬು ಬಿಟ್ಟುಕೊಂಡು ನಿಂತ ಅರ್ಧ ಹಡಗು, ನೀರಿನಲ್ಲಿ ಸರಕು ತುಂಬಿಕೊಳ್ಳುತ್ತಿರುವ ಮೂರು ವ್ಯಾಪಾರದ ಹಡಗು. ಅವಳ ತಾತ ತಮ್ಮ ಬಂಗಲೆಯ ಹುಳ ತಿಂದ ಇಂಗ್ಲಿಷ್ ಚಿತ್ರಕ್ಕೆ ನಕಲು ಬೇಕು ಅಂದಾಗ, ನಮಗೆ ದೇವರ ಪಟ ಬರೆಯುವುದನ್ನು ಕಲಿಸುತ್ತಿದ್ದ ಸದಾಶಿವಯ್ಯ ಸಾರ್ ಒಪ್ಪಿಕೊಂಡರಲ್ಲ, ಅದೇ. ಆಕಾಶ, ದಂಡೆ ನನ್ನದು. ಹಡಗು, ನೀರು ನಿನ್ನದು.

ಹಡಗು ತೇಲುವಂಥ ನೀರನ್ನೇ ನೋಡದವರು ನಾವು. "ನೀರು ಎಂಗೆ ಮಾಡ್ಲಿ ಸಾರ್?" ಅಂತ ನೀನು ಕೇಳಿದ್ದಕ್ಕೆ "ಪಶ್ಚಿಮವಾಹಿನೀಲಿ ಕೂತು ನೋಡ್ಕಂಡ್ ಬಾ ಹೋಗು" ಅಂದರು. ಒಂದೇ ಸೈಕಲ್ಲಿನಲ್ಲಿ ಹೋದೆವು. ಏರು ಬಂದಾಗ ನೀನು ಇಳಿದು ತಳ್ಳಿದೆ, ನಾನು ಮಹಾರಾಣಿಯ ಹಾಗೆ ಕೂತೇ ಇದ್ದೆ. ಮಧ್ಯಾಹ್ನದವರೆಗೂ ನೀನು ಕಾವೇರಿಯನ್ನೇ ನೋಡುತ್ತಿದ್ದೆ. ನಾನು ಚುರುಮುರಿ ತಿಂದು ಮುಗಿಸಿದೆ, ನಿನ್ನ ಪಾಲನ್ನೂ. ಅಷ್ಟು ಸುಖವಾಗಿದ್ದ ದಿನ ಆಮೇಲೆ ನನಗೆ ಹೆಚ್ಚು ಸಿಗಲಿಲ್ಲ.

ಚಿತ್ರ ಮುಗಿಸಿ ನೀನು ಅಜ್ಜಿಯ ತಿಥಿಗೆ ಊರಿಗೆ ಹೋದೆ. ನಮ್ಮ ಕೆಲಸದಲ್ಲಿ ಲಕ್ಷ್ಮಿ ಇರುವ ಕಡೆ ಚಿನ್ನದ ರೇಕು ಇಲ್ಲದಿದ್ದರೆ ಪಟ ಮುಗಿದ ಹಾಗಲ್ಲ. ಸರಕು ತುಂಬಿದ ಹಡಗಲ್ಲವೇ, ಇಲ್ಲೂ ಲಕ್ಷ್ಮಿ ಇದ್ದಾಳೆ ಅಂದುಕೊಂಡೆ. ಸಫೇದದ ಬಿಳಿಪುಡಿಗೆ ಗೋಂದು ಸೇರಿಸಿ ಅರೆದು, ದೊಡ್ಡ ಹಡಗಿನ ಹಿಂಬದಿಯ ಕೆತ್ತನೆಗೆಲ್ಲ ಉಬ್ಬು ಕೊಟ್ಟು ರೇಕು ಅಂಟಿಸಿದೆ. ನೀನು ಬಂದು ನೋಡಿ ಖುಷಿಪಡಲಿ ಅಂತ. ಹಲಗೆಯ ಮೇಲೆ ಬರೆದು ಅಭ್ಯಾಸವಾದ ನನಗೆ, ಇದು ಕ್ಯಾನ್ವಾಸ್, ಸುರುಳಿ ಸುತ್ತುತ್ತಾರೆ ಅನ್ನುವುದು ಹೊಳೆಯಲೇ ಇಲ್ಲ. ಸಾರ್ ಇಲ್ಲದ ಹೊತ್ತಿನಲ್ಲಿ ಬಂಗಲೆಯವರು ಬಂದು ಸುತ್ತಿಕೊಂಡು ಹೋದರು. ಮನೆಯಲ್ಲಿ ಬಿಚ್ಚಿದರೆ ಚಿನ್ನ ಚಕ್ಕೆಚಕ್ಕೆಯಾಗಿ ಉದುರಿ, ಕೆಳಗಿನ ಬಣ್ಣವನ್ನೂ ಕಿತ್ತುಕೊಂಡು ಬಂದಿತ್ತು.

ಅವರು ವಾಪಸ್ ಬಂದು ಕೂಗಾಡಿದಾಗ ನೀನೂ ಊರಿಂದ ಬಂದಿದ್ದೆ. "ಹಡಗು ಯಾರ್ದು?" ಅಂದರು ಸಾರ್. ನೀನು ನನ್ನ ಕಡೆ ಒಂದು ಸಲ ನೋಡಿ, "ನಂದೇ ಸಾರ್" ಅಂದೆ. "ನಾಳೆಯಿಂದ ಬರ್ಬೇಡ." ನಾನು ತಲೆ ತಗ್ಗಿಸಿ, ತೊಳೆದಿದ್ದ ಕುಂಚವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಕಲಿಯುವುದು ನಿಂತರೆ ತಿಂಗಳೊಳಗೆ ಅಪ್ಪ ನನ್ನ ಮದುವೆ ಮಾಡಿಬಿಡುತ್ತಾರೆಂದು ನಿನಗೊಬ್ಬನಿಗೇ ಗೊತ್ತಿತ್ತು. ಅದಕ್ಕೇ ನೀನು ಮಾತಾಡಿದೆ, ಅದಕ್ಕೇ ನಾನು ಸುಮ್ಮನಾದೆ. ನಾನು ಹೇಡಿ ಚಂದ್ರು. ನಿನಗೆ ಸೇರಬೇಕಾದ ಬದುಕನ್ನು ಬಾಳಿದೆ.

ಹೋದ ವಾರ ಆ ಚಿನ್ನ ಉದುರಿದ ಜಾಗ ತೋರಿಸಿ, "ಯಾರೋ ಪಾಪ ಗೊತ್ತಿಲ್ದೆ ಮಾಡಿರ್ಬೇಕು ಅಲ್ವಾ ಆಂಟಿ?" ಅಂದಳು ಮಂಜುಶ್ರೀ. "ನಾನೇ ಕಣಮ್ಮ ಮಾಡಿದ್ದು" ಅಂದುಬಿಟ್ಟೆ. ಒಮ್ಮೆ ಬಾಯಿಂದ ಬಂದ ಮೇಲೆ ತಡೆಯಲಾಗಲಿಲ್ಲ. ಅವತ್ತೇ ಅಂಗಡಿ ಮುಚ್ಚಿ ಗೋಕುಲಂ ಬಡಾವಣೆಗೆ, ಸಾರ್ ಇರುವ ಅವರ ಮಗಳ ಮನೆಗೆ ಹೋದೆ. ತೊಂಬತ್ತು ಈಗ ಅವರಿಗೆ. ಎಲ್ಲ ಹೇಳಿ, ಬೈಗುಳಕ್ಕೆ ಕಾದು ಕೂತೆ. ಅವರು ಬೈಯಲಿಲ್ಲ. "ನಾನು ಕೇಳಿದ್ದೇ ತಪ್ಪಮ್ಮ. ಹಡಗು ಯಾರ್ದು ಅಂದೆ. ಚಿನ್ನ ಹಚ್ಚಿದ್ಯಾರು ಅಂತ ಕೇಳ್ಲೇ ಇಲ್ಲ" ಅಂದರು. ಕಣ್ಣಲ್ಲಿ ನೀರು. "ನಂಗೆ ಓಡಾಡಕ್ಕಾಗಲ್ಲ. ಅವನ್ನ ಕರೆಸು, ನಾನು ಕ್ಷಮೆ ಕೇಳ್ಬೇಕು."

ಆಕಾಶ, ದಂಡೆ ಸರಿಮಾಡಿದ್ದೇನೆ. ಹಡಗನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಈ ಭಾನುವಾರ ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವರನ್ನು ನೋಡು. ದಿನಾ ಬೆಳಿಗ್ಗೆ ಮಗಳ ಕೈಲಿ ಫೋನ್ ಮಾಡಿಸಿ ಒಂದೇ ಮಾತು ಕೇಳುತ್ತಾರೆ: "ಬಂದ್ನೇನಮ್ಮ?"

ನಿನ್ನ ಕಣ್ಣು, ಕೈ ಇನ್ನೂ ಬಹುಕಾಲ ಗಟ್ಟಿಯಾಗಿರಲಿ.

ನಿನ್ನ ತಪ್ಪಿತಸ್ಥ ಗೆಳತಿ,
ಕುಸುಮ