ಓರೆಯಾದ ಕೆರೆ

ಮನೆಯಿಂದ,
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ನೀರು ಶುದ್ಧೀಕರಣ ಘಟಕದ ಕ್ಲೋರಿನ್ ವಾಸನೆಗೆ ಹತ್ತಿಕೊಂಡಿದ್ದ ಕೆಮ್ಮು ಬಿಟ್ಟಿತೇ? ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಅನ್ನುತ್ತಲೇ ದಿನಕ್ಕೆ ನಾಲ್ಕು ಸಲ ಮಹಡಿ ಹತ್ತುತ್ತಾಳೆ. ನನ್ನ ಬೆನ್ನು ಪರವಾಗಿಲ್ಲ. ಬಡಗಿ ಕೆಲಸ ಬಿಟ್ಟು ಎರಡು ವರ್ಷವಾದರೂ ಯಾರ ಮನೆಗೆ ಹೋದರೂ ಬಾಗಿಲ ಚೌಕಟ್ಟು ನೆಟ್ಟಗಿದೆಯೇ ಅಂತಲೇ ಮೊದಲು ಕಣ್ಣು ಓಡುತ್ತದೆ. ಆ ಚಟವೇ ಈಗ ನನ್ನ ತಲೆ ತಗ್ಗಿಸಿದೆ. ಫೋನಿನಲ್ಲಿ ಹೇಳಿಬಿಡೋಣವೆಂದು ಮೂರು ಸಲ ಕೈಗೆತ್ತಿಕೊಂಡೆ. ಮೂರು ಸಲವೂ ಕೆಳಗಿಟ್ಟು, ಕೊನೆಗೆ ಈ ಕಾಗದ ಹಿಡಿದೆ.

ಹೋದ ವರ್ಷ ನಮ್ಮ ಬೀದಿಯ ಕ್ಷೌರಿಕ ನನ್ನನ್ನು ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದ. ಹವ್ಯಾಸಕ್ಕೆ ಬೆಟ್ಟ, ಕೆರೆ, ಬಯಲಿನ ಫೋಟೋ ತೆಗೆಯುವವರು ಭಾನುವಾರಕ್ಕೊಂದು ಹಾಕುತ್ತಾರೆ, ಉಳಿದವರು ಹೇಗಿದೆಯೆಂದು ಬರೆಯುತ್ತಾರೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ನಂಬರೂ ಕಾಣುವುದಿಲ್ಲ, ಇಟ್ಟುಕೊಂಡ ಹೆಸರಷ್ಟೇ. ಹಲಗೆ ಸಮವಾಗಿದೆಯೇ ಎಂದು ತೋರಿಸುವ ಗುಳ್ಳೆಯ ಕೊಳವೆಯನ್ನು ಚಿಕ್ಕಂದಿನಲ್ಲಿ ಕದ್ದು ಆಡುತ್ತಿದ್ದೆಯಲ್ಲ, ಅದರ ಹೆಸರನ್ನೇ ನಾನು ಇಟ್ಟುಕೊಂಡೆ. ಹೌದು ಮಗಳೇ, ಆ ‘ರಸಮಟ್ಟ’ ನಾನೇ. ಕಾಗದ ಹರಿಯಬೇಡ, ಪೂರ್ತಿ ಓದು.

‘ಮುಂಜಾವು’ ಎಂಬ ಹೆಸರಿನಲ್ಲಿ ಕೆರೆಯ ಫೋಟೋ ಹಾಕುವವಳು ನೀನೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದು ತಪ್ಪಿಸಿಕೊಳ್ಳುವುದಿಲ್ಲ, ಬೇರೆಯವರ ಮಗಳಾಗಿದ್ದರೆ ಆ ಮಾತು ಸರಿಯಾಗುತ್ತಿತ್ತೇ? ನಾನು ಹಾಕಿದ ಮೊದಲ ಫೋಟೋದಲ್ಲಿ ಮರದ ಮಿಲ್ಲಿನ ಹಿಂದಿನ ಬೆಟ್ಟಕ್ಕಿಂತ ನನ್ನ ಹೆಬ್ಬೆರಳೇ ದೊಡ್ಡದಾಗಿ ಬಂದಿತ್ತು. ಎಲ್ಲರೂ ನಕ್ಕರು. ನೀನೊಬ್ಬಳು ಮಾತ್ರ, “ಮೋಡದ ಬಣ್ಣ ಚೆನ್ನಾಗಿ ಬಂದಿದೆ ಸರ್, ಬಿಡಬೇಡಿ, ತೆಗೀತಾ ಇರಿ” ಅಂದೆ. ಅದಕ್ಕೆ ನಾನು ಕೊಟ್ಟ ಪ್ರತಿಫಲ ನೋಡು. ನಿನ್ನ ಕೆರೆಯ ಫೋಟೋಗಳೆಲ್ಲ ಒಂದೇ ಕಡೆಗೆ ತುಸು ವಾಲಿರುತ್ತಿದ್ದವು. “ಕೆರೆ ಓರೆಯಾಗಿದೆ, ಕೆಳಗೊಂದು ಬಕೆಟ್ ಹಿಡೀರಮ್ಮ” ಎಂದು ಬರೆದೆ. ಹದಿನೇಳು ಜನ ನಕ್ಕರು. ಆ ನಗುವಿನ ರುಚಿ ಹತ್ತಿತು ನನಗೆ. ವಾರವಾರವೂ ನಿನ್ನ ಫೋಟೋಕ್ಕಾಗಿಯೇ ಕಾದು ಕೂರುತ್ತಿದ್ದೆ. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದರೆ, “ಯಾರ ಮನೆ ಮಗುವೋ ಏನೋ, ಸ್ವಲ್ಪ ಮೆತ್ತಗೆ ಬರೀಬಾರದೇನ್ರೀ?” ಅನ್ನುತ್ತಿದ್ದಳು. ಕಲಿಯಲಿ ಅಂತ ಬರೀತೀನಿ ಕಣೇ, ಅನ್ನುತ್ತಿದ್ದೆ. ಸುಳ್ಳು. ಕಲಿಸುವವನು ಬಕೆಟ್ ಮಾತಾಡುವುದಿಲ್ಲ.

ಕೊನೆಯ ಭಾನುವಾರ, “ಈ ಸಲ ಊರೇ ಜಾರ್ತಿದೆ, ಮೊದಲು ಕಣ್ಣು ತೋರಿಸ್ಕೊಳ್ಳಿ” ಎಂದು ಬರೆದು ಕಾಫಿ ಕುಡಿಯಲು ಕೂತೆ. ನಿನ್ನ ಉತ್ತರ ಬಂತು: “ಕ್ಯಾಮೆರಾ ಸ್ಟ್ಯಾಂಡ್ ಓರೆ ಇರೋಕೆ ಸಾಧ್ಯಾನೇ ಇಲ್ಲ ಸರ್, ಅದನ್ನ ಮಾಡಿದ್ದು ನಮ್ಮಪ್ಪ. ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ.” ಯಾವ ಪುಣ್ಯಾತ್ಮನಪ್ಪ ಅವನು ಎಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸೂರ್ಯ ನಿನ್ನ ಬೆನ್ನಿಗಿದ್ದ. ದಡದ ಮಣ್ಣಿನ ಮೇಲೆ ಮೂರು ಕಾಲಿನ ಉದ್ದ ನೆರಳು, ಅದರಲ್ಲಿ ಚೀಲ ನೇತುಹಾಕಲೆಂದು ನಾನೇ ಕೆತ್ತಿದ್ದ ಬಾತುಕೋಳಿ ಕೊಕ್ಕಿನ ಕೊಕ್ಕೆ. ಲೋಟ ಕೆಳಗಿಟ್ಟವನಿಗೆ ಮತ್ತೆ ಎತ್ತಲಾಗಲಿಲ್ಲ.

ಬರೆದದ್ದನ್ನು ಅಳಿಸುವಷ್ಟರಲ್ಲಿ ನೀನು ಫೋಟೋಗಳನ್ನೆಲ್ಲ ತೆಗೆದು ಗುಂಪು ಬಿಟ್ಟಿದ್ದೆ. ಮೊನ್ನೆ ಫೋನಿನಲ್ಲಿ ಕ್ಯಾಮೆರಾವನ್ನು ಜೊತೆ ಕೆಲಸದವಳಿಗೆ ಕೊಟ್ಟುಬಿಡುತ್ತೇನೆ ಅಂದೆಯಂತೆ. ಅಮ್ಮನಿಗೆ ಕಾರಣ ಗೊತ್ತಿರಲಿಲ್ಲ. ನಿನ್ನೆ ಹೇಳಿದೆ. ಅವಳು ಬೈಯಲಿಲ್ಲ, ಎದ್ದು ಮಹಡಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕ್ಷಮಿಸು ಅಂತ ಮಗಳಿಗೆ ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಕ್ಷಮಿಸು. ನೀನು ಒಪ್ಪಿದರೆ ಆ ಹದಿನೇಳು ಜನರೆದುರೂ ಇದನ್ನೇ ಬರೆಯುತ್ತೇನೆ. ಬಿಸಿನೀರು ಕುಡಿ, ಕೆಮ್ಮನ್ನು ಅಸಡ್ಡೆ ಮಾಡಬೇಡ. ಎಲ್ಲಿದ್ದರೂ ನಗುನಗುತ್ತಾ ಇರು ತಾಯಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಂಚೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದೆ. ನಿನ್ನ ಫೋಟೋ ಯಾವಾಗಲೂ ಒಂದೇ ಕಡೆಗೆ ಏಕೆ ವಾಲುತ್ತದೆ ಎಂಬ ಹುಳ ತಲೆ ಹೊಕ್ಕಿತು. ಅಟ್ಟ ಹತ್ತಿ ಹಳೆಯ ತುಂಡುಗಳ ಡಬ್ಬ ಕೆದಕಿದೆ. ನೀನು ಕೆಲಸಕ್ಕೆ ಹೊರಟ ದಿನ ಸ್ಟ್ಯಾಂಡಿನ ಒಂದು ಕಾಲಿನ ತುದಿ ಸೀಳಿತ್ತು, ಅರ್ಧ ಬೆರಳಷ್ಟು ಕತ್ತರಿಸಿದ್ದೆ. ಉಳಿದೆರಡನ್ನೂ ಅಷ್ಟೇ ಕತ್ತರಿಸಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಕಟ್ಟಿಕೊಟ್ಟೆ, ರಸಮಟ್ಟ ಇಟ್ಟೂ ನೋಡಲಿಲ್ಲ. ಡಬ್ಬದಲ್ಲಿ ತುಂಡು ಒಂದೇ ಇದೆ ಮಗಳೇ, ಮೂರಿಲ್ಲ. ನಿನ್ನ ಕಣ್ಣು ಸರಿಯಾಗಿಯೇ ಇದೆ. ಕ್ಯಾಮೆರಾ ಯಾರಿಗೂ ಕೊಡಬೇಡ. ಕೊಕ್ಕೆಯ ಕೆಳಗಿನ ಆ ಮೋಟು ಕಾಲಿಗೆ ಸಿಕ್ಕಿಸಲು ಒಂದು ಮರದ ಬಿಲ್ಲೆ, ಜೊತೆಗೆ ನನ್ನ ರಸಮಟ್ಟ ಕಳಿಸುತ್ತಿದ್ದೇನೆ. ಅಪ್ಪ ಮಾಡಿದ್ದು ಅಂತ ನಂಬಬೇಡ, ಇಟ್ಟು ನೋಡು.