ಮರಿಯ ಹಳ್ಳಿಯನ್ನು ಕೊಂಡವರು

ಭಾನುವಾರ, ಅಂಗಡಿಗೆ ರಜೆ

ಹಳೆಯ ಗೇಮ್ ಕ್ಯಾಸೆಟ್ ಅಂಗಡಿಯ ಯಜಮಾನರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ನೀವು ನಿಮ್ಮಕ್ಕನ ಮನೆ ಸೇರಿದ ಮೇಲೆ ಬರೆದ ಮೊದಲ ಕಾಗದ ತಲುಪಿತು. ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಾ ಅಂತ ಒಂದು ಮಾತಿಲ್ಲ. ಇದ್ದದ್ದೆಲ್ಲ ಮರಿಯ ಕ್ಯಾಸೆಟ್ಟಿನ ವಿಷಯ. ಇರಲಿ, ನಾನಾದರೂ ಕೇಳುತ್ತೇನೆ. ನಿಮ್ಮ ಮೊಣಕಾಲು ನೋವು ಹೇಗಿದೆ?

ಕ್ಯಾಸೆಟ್ ಸಿಗುತ್ತಿಲ್ಲ, ಮಾರಾಟವಾಗಿರಬೇಕು ಎಂದು ಫೋನಿನಲ್ಲಿ ನಿಜ ಹೇಳಿದ್ದೇ ನನ್ನ ತಪ್ಪಾಯಿತು. ಮಗಳು ಆಟದಲ್ಲಿ ಕಟ್ಟಿದ ಹಳ್ಳಿ ಅದರೊಳಗಿತ್ತು, ಅವಳ ಕೈಯ ಕೆಲಸವೆಂದು ಉಳಿದದ್ದು ಅದೊಂದೇ, ಅದನ್ನೂ ಮಾರಿಕೊಂಡೆಯಲ್ಲ ಎಂದು ಬರೆದಿದ್ದೀರಿ. ಓದಿ ಕೋಪ ಬಂತು, ಆಮೇಲೆ ಅಳು ಬಂತು. ಮಾರುವ ಮಾಲು ನೀಲಿ ತಟ್ಟೆಗೆ, ಮನೆಯದು ಕೆಂಪು ತಟ್ಟೆಗೆ ಎಂಬುದು ನೀವೇ ಮಾಡಿದ ಪದ್ಧತಿ. ಆಸ್ಪತ್ರೆಗೂ ಅಂಗಡಿಗೂ ಓಡಾಡುತ್ತಿದ್ದ ದಿನಗಳಲ್ಲಿ ನನಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುತ್ತಿರಲಿಲ್ಲ. ನಾನೇ ತಪ್ಪಿ ನೀಲಿ ತಟ್ಟೆಗೆ ಹಾಕಿದೆ ಎಂದೇ ಇಟ್ಟುಕೊಳ್ಳಿ.

ಕೊಂಡವರನ್ನು ಪತ್ತೆ ಮಾಡಿ ನೋಟಿಸ್ ಕೊಡಿಸುತ್ತೇನೆ ಅಂದಿದ್ದೀರಿ. ಅಂಗಡಿಗೆ ಬರುವವರನ್ನೆಲ್ಲ ವಿಚಾರಿಸಿ ಪತ್ತೆ ನಾನೇ ಮಾಡಿದೆ. ಹಿಂದಿನ ಬೀದಿಯ ಟೈಲರಮ್ಮ. ನಮ್ಮ ಅಂಗಡಿಯ ಪರದೆ ಹೊಲಿದುಕೊಟ್ಟವರು, ಒಂಟಿ ಜೀವ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಹೊಲಿಗೆ ಯಂತ್ರದ ಪಕ್ಕದಲ್ಲೇ ಟಿವಿ, ಗೇಮ್ ಪೆಟ್ಟಿಗೆ, ನೆಲದ ತುಂಬ ಬಟ್ಟೆಯ ಚೂರು. ಸ್ಟೂಲಿನ ಮೇಲಿದ್ದ ಅರ್ಧ ಹೊಲಿದ ಅಂಗಿ ತೆಗೆದು ನನ್ನನ್ನು ಕೂರಿಸಿದರು. ಏನೂ ಅಳಿಸಿಲ್ಲಮ್ಮ, ನೀವೇ ನೋಡಿ ಅಂತ ಟಿವಿ ಹಾಕಿದರು.

ಹಳ್ಳಿ ಇದೆ, ರೀ. ಬಾವಿ ಇದೆ, ಬಾತುಕೋಳಿಗಳಿವೆ. ನಿಮ್ಮ ಹೆಸರಿಟ್ಟಿದ್ದಳಲ್ಲ, ಆ ಕತ್ತೆಯೂ ಇದೆ, ನಿಮಗಿಂತ ಚೆನ್ನಾಗಿ ತಿಂದುಕೊಂಡಿದೆ. ದಿನಾ ನೀರು ಹಾಕದಿದ್ದರೆ ಗಿಡವೆಲ್ಲ ಒಣಗಿಹೋಗುತ್ತೆ ಎಂದು ಆಸ್ಪತ್ರೆಯ ಮಂಚದ ಮೇಲೂ ಗೋಳಾಡುತ್ತಿದ್ದಳು. ಒಂದು ಗಿಡವೂ ಒಣಗಿಲ್ಲ. ಟೈಲರಮ್ಮ ಯಂತ್ರಕ್ಕೆ ಮುಸುಕು ಹಾಕಿದ ಮೇಲೆ ದಿನಾ ನೀರು ಹಾಕುತ್ತಾರಂತೆ. ನನಗೆ ತಡೆಯಲಾಗಲಿಲ್ಲ. ಪರರ ಮನೆಯೆಂಬುದನ್ನೂ ಮರೆತು ಅತ್ತುಬಿಟ್ಟೆ.

ನಾನು ಬಾಯಿ ಬಿಡುವ ಮೊದಲೇ ಅವರು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಆಮೇಲೆ ಅವರಿಗೇ ವಾಪಸ್ ಕೊಟ್ಟು ಬಂದೆ. ಬೈಯಬೇಕೆನಿಸಿದರೆ ಬೈಯಿರಿ.

ನೋಟಿಸ್ ಕೊಡಿಸಿ ಏನೆಂದು ವಾದಿಸುತ್ತೀರಿ? ಹಳೆಯ ಕ್ಯಾಸೆಟ್ ಯಾರೂ ಮಾರಬಾರದು ಎಂದು ಗೇಮ್ ಕಂಪನಿಯವರು ಹಟ ಹಿಡಿದಾಗ ಗ್ರಾಹಕರ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ನೀವು. ಕಾಸು ಕೊಟ್ಟು ಕೊಂಡ ಮೇಲೆ ಅದು ಕೊಂಡವರದು, ಆಡಲಿ, ಮಾರಲಿ, ಯಾರಿಗಾದರೂ ಕೊಡಲಿ, ಮಾರಿದವರು ಮತ್ತೆ ಕೈ ಚಾಚುವ ಹಾಗಿಲ್ಲ ಎಂದು ನೀವು ಹೇಳಿದ್ದನ್ನು ಮರಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದಳು. ಗೆದ್ದು ಬಂದು ಅದನ್ನೇ ಬೋರ್ಡ್ ಬರೆಸಿ ಹಾಕಿದಿರಿ. ಅದರ ಕೆಳಗೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ಇಲ್ಲಿ ಗ್ರಾಹಕರು ಟೈಲರಮ್ಮ, ಮಾರಿದವರು ನಾವು. ನಮಗೆ ದುಃಖವಾಗಿದೆ ಎಂದು ಆ ಬೋರ್ಡನ್ನು ಇಳಿಸಿಬಿಡಲು ನನ್ನಿಂದಾಗುವುದಿಲ್ಲ.

ಕಾಯಿಲೆಯ ವಿಷಯ ಮರಿಗೆ ಕೊನೆಯವರೆಗೂ ಏನೂ ತಿಳಿಯದ ಹಾಗೆ ನೋಡಿಕೊಂಡೆವು, ಅದೊಂದೇ ಸಮಾಧಾನ ಎಂದೂ ಬರೆದಿದ್ದೀರಿ. ಆ ಸಮಾಧಾನ ನಿಮಗಿರಲಿ.

ಮನೆಗೆ ಬನ್ನಿ. ಇಬ್ಬರೂ ಹೋಗಿ ಹಳ್ಳಿ ನೋಡಿಕೊಂಡು ಬರೋಣ. ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ, ಆದರೆ ಈ ಮನೆಯಲ್ಲಿ ಒಬ್ಬಳೇ ಇರುವುದು ನನಗೆ ತುಂಬಾ ಕಷ್ಟವಾಗಿದೆ.

ಇಂತಿ,
ಮರಿಯ ಅಮ್ಮ

ತಾ.ಕ.: ನಿಮಗೆ ಹೇಳಬಾರದೆಂದುಕೊಂಡೇ ಕಾಗದ ಮಡಿಸಿದ್ದೆ. ಒಬ್ಬಳೇ ಹೊರಲಾರದೆ ಮತ್ತೆ ಬಿಚ್ಚಿದೆ. ಕ್ಯಾಸೆಟ್ ನೀಲಿ ತಟ್ಟೆಗೆ ಹೋಗಿಯೇ ಇರಲಿಲ್ಲ. ಕೊನೆಯ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ, ನಾವಿಬ್ಬರೂ ಟ್ಯಾಕ್ಸಿಗೆ ಸಾಮಾನು ತುಂಬುತ್ತಿದ್ದಾಗ, ಕೌಂಟರಿನಲ್ಲಿ ಕೂತಿದ್ದ ಮರಿಯೇ ಟೈಲರಮ್ಮನನ್ನು ಕರೆದು ಮಾರಿದಳಂತೆ. ಸುಮ್ನೆ ಇಟ್ಕೊಂಡಿರ್ತೀನಿ, ಹುಷಾರಾಗಿ ಬಂದ್ಮೇಲೆ ತಗೋ ಅಂತ ಅವರು ಹೇಳಿದರೆ ಇವಳು ಒಪ್ಪಲಿಲ್ಲವಂತೆ. ಸುಮ್ನೆ ಇಟ್ಕೊಂಡ್ರೆ ಅಪ್ಪ ವಾಪಸ್ ಕೇಳ್ತಾರೆ, ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ, ಗಿಡ ಎಲ್ಲಾ ಒಣಗಿಹೋಗುತ್ತೆ, ದುಡ್ಡು ಕೊಟ್ಟು ತಗೊಳ್ಳಿ, ಆಗ ಅಪ್ಪನೂ ಕೇಳೋ ಹಾಗಿಲ್ಲ, ಬೋರ್ಡಲ್ಲೇ ಬರೆದಿದೆ ಅಂದಳಂತೆ.

ಅವಳಿಗೆ ಎಲ್ಲಾ ಗೊತ್ತಿತ್ತು, ರೀ.