ಬೋರಲು ಹಾಕಿದ ಕಯಾಕ್

ಜೂನ್ 14, ಶುಕ್ರವಾರ

...ಊರು ಬಿಟ್ಟು ಒಂಟಿಯಾಗಿ ಬೆಟ್ಟ ಸೇರಿದವರು ಹಸಿವಾದಾಗ ಊರಂಚಿಗೆ ಬರುತ್ತಾರೆ ಎಂದೋ, ಚಳಿಗಾಲ ಕಳೆದ ಮೇಲೆ ಬರುತ್ತಾರೆ ಎಂದೋ. ಯಾರ ಮಾತು? ಅಜ್ಜಿಯದಿರಬೇಕು. ಅಲ್ಲ, ಹೋದ ಶರತ್ಕಾಲದಲ್ಲಿ, ತಮ್ಮ ಕಾಣೆಯಾದಾಗ, ನಮ್ಮ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತ ಯಾರೋ ಹೇಳಿದ್ದು. ಸಮಾಧಾನಕ್ಕೆ.

ಕಾರ್ಖಾನೆಯಿಂದ ಬಂದೆ. ಕೈಯೆಲ್ಲ ಹ್ಯಾಲಿಬಟ್ ಮೀನಿನ ವಾಸನೆ. ಹಿತ್ತಿಲಲ್ಲಿ ಒಣಹಾಕಿದ್ದ ಮೀನು ಇಳಿಸಿದೆ — ಕಡೆಯ ಸಾಲು ಬಿಟ್ಟು. ಅದು ತಮ್ಮನಿಗೆ. ಯಾರಿಗೂ ಹೇಳಿಲ್ಲ. ಕಾಗೆಗಳಿಗೆ ಗೊತ್ತಿದೆ.

ಸಂಜೆ ಕಿಸ್ತಾ ಬಂದಳು, ತಮ್ಮನ ಮಗಳು. ತೋಳಲ್ಲಿ ಹೆಣ್ಣು ಕೂಸು, ಇನ್ನೂ ಹೆಸರಿಲ್ಲದ್ದು. ಅಳು ನಿಲ್ಲಿಸದು.

"ಹಾಲು ಕುಡಿದಾಯ್ತು, ಬಟ್ಟೆ ಬದಲಾಯಿಸಿದ್ದಾಯ್ತು. ಇದಕ್ಕೇನು ಬೇಕು ಅಂತ ನಿಮಗೂ ಗೊತ್ತು, ಅತ್ತೆ."

"ಹಲ್ಲು ಬರ್ತಿರಬೇಕು."

"ಎರಡು ತಿಂಗಳಿಗೇ ಹಲ್ಲಾ? ನಾನೇನು ಸೀಲ್ ಮರಿ ಹೆತ್ತಿದೀನಾ?"

ಅಳುವ ಕೂಸು ಹೆಸರು ಕೇಳುತ್ತಿರುತ್ತದೆ. ಸತ್ತವರ ಹೆಸರು ಮುಂದೆ ಹುಟ್ಟಿದ ಕೂಸಿಗೆ ಹೋಗಬೇಕು. ಹೋದರೆ ಅವರು ಮನೆಗೆ ಮರಳಿದಂತೆ. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಕಿಸ್ತಾಳಿಗೆ ಅಪ್ಪನ ಹೆಸರು ಬೇಕು. ಹಿರಿಯಳು ನಾನು, ನಾನು ಹೂಂ ಅನ್ನಬೇಕು. ಅಂದರೆ ತಮ್ಮ ಸತ್ತ ಎಂದು ನಾನೇ ಹೇಳಿದಂತೆ. ಬದುಕಿರುವವನ ಹೆಸರನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ...

"ಹೆಣ ಸಿಕ್ಕಿಲ್ಲ," ಎಂದೆ.

"ಸಮುದ್ರ ಎಷ್ಟು ಜನರ ಹೆಣ ವಾಪಸ್ ಕೊಟ್ಟಿದೆ, ಅತ್ತೆ?"

"ಅವನ ಕಯಾಕ್ ದಡದ ಮೇಲಿತ್ತು. ದೋಣೀನ ಬೋರಲು ಹಾಕಿ, ಮೇಲೆ ಕಲ್ಲು ಹೇರಿ. ಅಲೆ ಬಂದು ಕಲ್ಲು ಹೇರುತ್ತಾ? ಇಳಿದು ನಡೆದು ಹೋದೋನೇ ತಾನೇ ಹಾಗಿಡೋದು?"

ಅವಳು ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿದಳು. ಉತ್ತರ ಕೂಸು ಕೊಟ್ಟಿತು, ಇನ್ನೂ ಜೋರಾಗಿ ಅತ್ತು.

ಬದುಕಿದ್ದಾನೆ ಎನ್ನುವ ನಾನೂ ಅವನ ಹೆಸರು ಆಡುತ್ತಿಲ್ಲ. ಇದನ್ನು ಈಗ, ಬರೆಯುವಾಗ ಗಮನಿಸಿದೆ.

ಜೂನ್ 16, ಭಾನುವಾರ

ಚರ್ಚ್ ಬಾಗಿಲಲ್ಲಿ ಪಾದ್ರಿಗಳು ಹಿಡಿದರು. ತಿಂಗಳ ಕೊನೆಯ ಭಾನುವಾರ ದೀಕ್ಷಾಸ್ನಾನ. ಆ ವೇಳೆಗೆ ಹೆಸರು ಬೇಕು.

ಪಾವಿಯಾನನ್ನು ಕೇಳಿದೆ — ತಮ್ಮನ ಗೆಳೆಯ, ಆ ಕಯಾಕನ್ನು ಮೊದಲು ಕಂಡವನು. ಆ ಜಾಗಕ್ಕೆ ಕರೆದುಕೊಂಡು ಹೋಗು ಎಂದೆ. ನಾನು ಒಮ್ಮೆಯೂ ನೋಡಿಲ್ಲ.

"ಅಲ್ಲೇನಿದೆ ಅಕ್ಕ, ಬರೀ ಕಲ್ಲು."

"ಕಲ್ಲೇ ನೋಡ್ತೀನಿ."

ಜೂನ್ 22, ಶನಿವಾರ

ಗಾಳಿಯಿಲ್ಲ. ಸಮುದ್ರ ತವರದ ತಗಡಿನ ಹಾಗೆ. ಕ್ಲಬ್ಬಿನಿಂದ ತಂದ ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್. ಮುಂದೆ ನಾನು, ಹಿಂದೆ ಅವನು.

"ಅಕ್ಕಾ, ಅದು ಹುಟ್ಟು. ಸೂಪು ತಿರುವೋ ಸೌಟಲ್ಲ."

"ಸುಮ್ನೆ ಹಾಕೋ. ನಿನ್ನ ಅರ್ಧ ಭಾರಾನೂ ನಾನೇ ಎಳೀತಿದೀನಿ."

ನಗಬೇಕೆಂದು ಹೇಳಿದ್ದು. ನಕ್ಕೆವು. ನಮ್ಮೂರು ಮನೀಟ್ಸೊಕ್‌ನ ಬಣ್ಣದ ಮನೆಗಳು ಬಂಡೆಯ ಹಿಂದೆ ಮರೆಯಾದವು. ಆಮೇಲೆ ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ. ಇಷ್ಟೇ ಅಗಲದ ದೋಣಿಯಲ್ಲಿ ಸೊಂಟದ ಮಟ್ಟಕ್ಕೆ ಸಮುದ್ರ. ತಮ್ಮ ದಿನವೂ ಹೀಗೆ ಕೂತಿರುತ್ತಿದ್ದ. ಇದು ನನಗೆ ಹೊಸ ವಿಷಯವಲ್ಲ, ಆದರೂ.

ಚಿಕ್ಕ ಕೊಲ್ಲಿ, ಕಪ್ಪು ಮರಳು. ಪಾವಿಯಾ ಕಯಾಕಿನ ನೀರು ಬಸಿಯುತ್ತ ಉಳಿದ. ನಾನು ದಡದುದ್ದ ನಡೆದೆ. ನೀಲಿ ಚಿಪ್ಪುಗಳು, ಬಲೆಗೆ ಕಟ್ಟುವ ತೇಲುಬುರುಡೆ, ಎಲ್ಲಿಯ ಕಾಡಿನದೋ ಬಿಳಿಚಿದ ಮರದ ತುಂಡು, ತಿಮಿಂಗಿಲದ ಪಕ್ಕೆಲುಬು. ಬೂಟಿನ ಗುರುತು ಹುಡುಕುತ್ತಿದ್ದೆ ಎಂದು ಬರೆದರೆ ನಾಚಿಕೆ. ಹಿಮ ಬಿದ್ದು ಕರಗಿ ಹೋದ ಮೇಲೆ ಯಾವ ಗುರುತು.

ಮೇಲೆ ಹುಲ್ಲಿನ ಚಪ್ಪಟೆ ಜಾಗ. ಆ ಕಲ್ಲುಗಳು ಇನ್ನೂ ಅಲ್ಲೇ, ಕಯಾಕ್ ಒಯ್ಯುವಾಗ ಪಕ್ಕಕ್ಕೆ ಸರಿಸಿಟ್ಟಂತೆ. ಒಂದನ್ನು ಎತ್ತಿದೆ. ಅಡಿಗೆ ಒಣಗಿದ ಹಾವಸೆ ಅಂಟಿತ್ತು, ಮಡಿಸಿದ ಬಟ್ಟೆಯ ಹಾಗೆ ದಪ್ಪಗೆ. ಇನ್ನೊಂದರಡಿಗೂ. ತಾನಾಗಿ ಬೆಳೆದದ್ದಲ್ಲ, ಕೈಯಿಂದ ಇಟ್ಟದ್ದು.

ತಿರುಗಿ ನೋಡಿದೆ. ಕೆಳಗೆ ಪಾವಿಯಾ ನಮ್ಮ ಕಯಾಕನ್ನು ಬೋರಲು ಹಾಕಿ ಕಲ್ಲು ಹೇರುತ್ತಿದ್ದ. ಕಲ್ಲಿನಡಿಗೆ ಹಾವಸೆ ಮಡಿಸಿ ಇಡುತ್ತಿದ್ದ. ಚರ್ಮ ಹೊದಿಸಿದ ಕಯಾಕಿಗೆ ಗೀರು ಬೀಳದಿರಲೆಂದು ಹಳಬರು ಮಾಡುವ ಕೆಲಸ. ಪ್ಲಾಸ್ಟಿಕ್ಕಿಗೆ ಯಾಕೆ? ಅವನ ಕೈಗೆ ಆ ಪ್ರಶ್ನೆ ಗೊತ್ತಿಲ್ಲ.

ಕೆಳಗಿಳಿದು ಬಂದೆ.

"ಪಾವಿಯಾ. ಅವತ್ತು ಕಲ್ಲಿಟ್ಟಿದ್ದು ಯಾರು?"

ಅವನು ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ನೀರಂಚಲ್ಲಿ ಅಡ್ಡಬಿದ್ದಿತ್ತಕ್ಕ. ಒಳಗೆಲ್ಲ ಮರಳು, ಸಮುದ್ರದ ಕಳೆ. ಹಾಗೇ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ. ತೊಳೆದೆ. ಮೇಲೆ ಎಳೆದೆ. ಮಿಕ್ಕಿದ್ದು ಕೈ ತಾನಾಗೇ ಮಾಡಿಬಿಡ್ತು."

"ಆಮೇಲೆ?"

"ಜನ ಕರ್ಕೊಂಡು ಬಂದೆ. ಬಂದೋರು ನೋಡಿದ್ದೇ, 'ಇಳಿದು ಹೋಗಿದಾನೆ, ಬೆಟ್ಟ ಸೇರಿದಾನೆ' ಅಂದ್ರು. ನಾನು ಹೇಳೋಣ ಅಂತ ನಿಮ್ಮನೆಗೆ ಬರೋಷ್ಟರಲ್ಲಿ ಆ ಮಾತು ನಿಮ್ಮನ್ನ ಮುಟ್ಟಿತ್ತು. ನೀವು ಅವತ್ತು ಊಟ ಮಾಡಿದ್ರಿ, ಅಕ್ಕ. ಎರಡು ದಿನ ಆದಮೇಲೆ."

"ನೀನು ಚಳಿಗಾಲ ಪೂರ್ತಿ ಬಾಯಿ ಮುಚ್ಕೊಂಡಿದ್ದೆ."

"ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

ಗೆಳೆಯನ ಕಯಾಕನ್ನು ಕಳೆ ಮೆತ್ತಿದ ಹಾಗೇ ಬಿಟ್ಟು ಯಾರೂ ಬರುವುದಿಲ್ಲ. ಸತ್ತವನ ಮುಖ ಒರೆಸಿ ಕಣ್ಣು ಮುಚ್ಚಿಸಿದ ಹಾಗೆ, ಅದನ್ನು ತೊಳೆದಿಡುವುದು. ನಾನಾದರೂ ಅದನ್ನೇ ಮಾಡುತ್ತಿದ್ದೆ. ಕೋಪ ಬರಲಿ ಎಂದು ಕಾದೆ. ಬರಲಿಲ್ಲ. ಹಸಿವಾಯಿತು. ಒಣಮೀನು, ಸೀಲ್ ಕೊಬ್ಬು, ಫ್ಲಾಸ್ಕಿನ ಕಾಫಿ — ಇಬ್ಬರೂ ಸಮುದ್ರಕ್ಕೆ ಬೆನ್ನು ಹಾಕಿ ತಿಂದೆವು.

ವಾಪಸು ಬರುವಾಗ ಅವನು ಹುಟ್ಟಿನ ಬಗ್ಗೆ ತಮಾಷೆ ಮಾಡಲಿಲ್ಲ.

ಜೂನ್ 27, ಗುರುವಾರ

ನಾಲ್ಕು ದಿನ ಏನೂ ಬರೆದಿಲ್ಲ. ಕಾರ್ಖಾನೆ. ನಿದ್ದೆ. ಬಿಸಿಲು.

ಇವತ್ತು ಕಿಸ್ತಾಳ ಮನೆಗೆ ಹೋದೆ. ಪಾವಿಯಾ ಹೇಳಿದ್ದನ್ನು ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

"ಇಟ್ಟುಬಿಡು," ಎಂದೆ.

"ಏನನ್ನ?"

"ಗೊತ್ತಿದ್ದೂ ಕೇಳಬೇಡ."

"ನಿಮ್ಮ ಬಾಯಿಂದ ಬರಲಿ ಅತ್ತೆ."

ಬರಲಿಲ್ಲ. ಕೂಸಿನ ಕಡೆ ಕೈ ತೋರಿಸಿದೆ. ಅಷ್ಟು ಸಾಕಾಯಿತು ಅವಳಿಗೆ.

ಜೂನ್ 30, ಭಾನುವಾರ

ಎಸಾಯಸ್. ಬರೆದೆ.

ಹುಡುಗಿಗೆ ಗಂಡಸಿನ ಹೆಸರು, ಯಾರಿಗೂ ಅದು ವಿಶೇಷವಲ್ಲ. ಪಾದ್ರಿಗಳು ನೀರು ಹಾಕಿದಾಗ ಅಳು ನಿಲ್ಲಲಿಲ್ಲ, ಹೆಚ್ಚಾಯಿತು. ನಿಲ್ಲುತ್ತದೆ ಎಂದು ಕಾದಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕಿಸ್ತಾ ಬಗ್ಗಿ, "ಅಪ್ಪಾ, ಸಾಕು ಮಾಡೋ, ಪಾದ್ರಿಗಳ ಕಿವಿ ಹೋಗತ್ತೆ," ಅಂದಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಪ್ಪಾ ಅಂದಳು. ಎಷ್ಟು ಸಲೀಸಾಗಿ.

ಮನೆಯಲ್ಲಿ ಕಾಫಿ, ಕೇಕು, ಜನ. ಪಾವಿಯಾ ಬಾಗಿಲಲ್ಲೇ ನಿಂತಿದ್ದ. ಬಾ ಎಂದೆ. ಅವನು ತೊಟ್ಟಿಲ ಹತ್ತಿರ ಹೋಗಿ, "ಏನೋ ದೋಸ್ತಾ, ಬಂದ್ಯಾ," ಅಂದು ಸರಸರನೆ ಹೊರಗೆ ಹೋದ.

ಕೊನೆಗೆ ನನ್ನ ತೊಡೆಯ ಮೇಲೆ ಮಲಗಿಸಿದರು. ತಮ್ಮಾ, ಅಂದೆ. ದಿಟ್ಟಿಸಿತು. ಏನೂ ಗೊತ್ತಿಲ್ಲದ ಕಣ್ಣು, ಇನ್ನೂ ಏನೂ ಆಗಿಲ್ಲದ ಕಣ್ಣು. ನನ್ನಲ್ಲಿರುವ ಪ್ರಶ್ನೆ ಈ ಕೂಸನ್ನು ಕೇಳುವಂಥದ್ದಲ್ಲ; ಇಲ್ಲಿ ಬರೆಯುತ್ತೇನೆ.

ಎಸಾಯಸ್, ನೀರಲ್ಲಿ ತುಂಬ ಹೊತ್ತು ಇದ್ದೆಯೇನೋ?